ಎದೆನೋವಿಲ್ಲ, ಆದರೂ 108 ಒತ್ತಿ

ಶ್ರೀನಿವಾಸಪುರದ ಮಾವಿನ ತೋಟದಲ್ಲಿ ತಾತ ಸುಸ್ತಾಗಿ ಕೂತರು ಅನ್ಕೊಳ್ಳಿ. ಬೆವರು, ಏದುಸಿರು. ಎದೆನೋವು ಮಾತ್ರ ಇಲ್ಲ. 'ಗ್ಯಾಸ್ಟ್ರಿಕ್ಕು, ಸೋಡಾ ಕುಡಿಸಿ' ಅಂತೀವಿ. ಎಡವೋದು ಅಲ್ಲೇ! ವಯಸ್ಸಾದವರಿಗೆ, ಅದರಲ್ಲೂ ಸಕ್ಕರೆ ಕಾಯಿಲೆ ಇದ್ದವರಿಗೆ, ಹೃದಯಾಘಾತ ನೋವಿಲ್ಲದೆಯೂ ಆಗುತ್ತೆ.

108 ಒತ್ತಿ. 2008ರಿಂದ ಓಡ್ತಿರೋ ಆರೋಗ್ಯ ಕವಚ ಆಂಬುಲೆನ್ಸ್, ದುಡ್ಡು ಕೊಡಬೇಕಿಲ್ಲ. ಮಾಲೂರಾಗಲಿ, ಮುಳಬಾಗಿಲಾಗಲಿ, ಮೊದಲು ಹತ್ತಿರದ ಆಸ್ಪತ್ರೆಯಲ್ಲಿ ಇಸಿಜಿ ಆಗಲಿ. ನೇರ ಬೆಂಗಳೂರಿಗೇ ಅನ್ನೋ ಹಟ ಬೇಡ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆ ಇರೋ ಸರ್ಕಾರಿ ಆಸ್ಪತ್ರೆಗಳಲ್ಲಿ ಹೆಪ್ಪು ಕರಗಿಸೋ ದುಬಾರಿ ಇಂಜೆಕ್ಷನ್ನೂ ಉಚಿತ. ನಿಮ್ಮ ತಾಲ್ಲೂಕಲ್ಲಿ ಇದೆಯಾ? ಇವತ್ತೇ ಕೇಳಿಡಿ.

ಬಾಯಿ ಸೊಟ್ಟಗಾಯ್ತಾ, ಮಾತು ತೊದಲಿತಾ? ಅದು ಪಾರ್ಶ್ವವಾಯು ಇರಬಹುದು. ಹೆಪ್ಪು ಕರಗಿಸೋಕೆ ಸಾಮಾನ್ಯವಾಗಿ 4.5 ಗಂಟೆಯಷ್ಟೇ ಗಡುವು. ಸಿಟಿ ಸ್ಕ್ಯಾನ್ ಇರೋ ಕಡೆಗೇ ಕರ್ಕೊಂಡು ಹೋಗಿ. ಶುರುವಾದ ಹೊತ್ತು ಡಾಕ್ಟರಿಗೆ ಹೇಳಿ, ಮಾತ್ರೆ ಚೀಟಿ ತೋರಿಸಿ.