ಗಾಡಿ ಎವರೇಜ್ ಇಳಿಯಿತೇ? ಮೊದಲು ಅಳೆಯಿರಿ, ಆಮೇಲೆ ಬೈಯಿರಿ

ನಮ್ಮ ಕಡೆ ಕಾರು ಶೋಕಿಯ ವಸ್ತುವಾಗಿ ಉಳಿದಿಲ್ಲ. ಬೆಳಿಗ್ಗೆ ಬದನೆ, ಮೆಣಸಿನಕಾಯಿ ಚೀಲ ಹೇರಿಕೊಂಡು ಗೋಕಾಕದ ಪೇಟೆಗೆ, ಪಂಪಸೆಟ್ ಸುಟ್ಟರೆ ಮೋಟರ್ ಹಾಕಿಕೊಂಡು ಮೂಡಲಗಿಗೆ, ಮನೆಯಲ್ಲಿ ಯಾರಿಗಾದರೂ ಆರಾಮ ಇಲ್ಲದಿದ್ದರೆ ಘಟಪ್ರಭೆಯ ದವಾಖಾನೆಗೆ, ಬೀಗರ ಮನೆಯ ಕಾರ್ಯಕ್ಕೆ ಹುಕ್ಕೇರಿಗೆ. ಎತ್ತಿನ ಬಂಡಿ ಮಾಡುತ್ತಿದ್ದ ಕೆಲಸವನ್ನೆಲ್ಲ ಈಗ ಇದು ಮಾಡುತ್ತದೆ. ಹಾಗಾಗಿ ಲೀಟರಿಗೆ ಮೂರು ನಾಲ್ಕು ಕಿಲೋಮೀಟರ್ ಕಡಿಮೆ ಓಡಿದರೆ ಆ ನಷ್ಟ ತರಕಾರಿಯ ಲಾಭದಲ್ಲೇ ಕಡಿತವಾಗುತ್ತದೆ.

2025ರಿಂದೀಚೆಗೆ ಚಹಾದಂಗಡಿಯಲ್ಲಿ ಎಲ್ಲಿ ಕೂತರೂ ಒಂದೇ ಮಾತು: “ಎಥನಾಲ್ ಬಂತು, ಎವರೇಜ್ ಹೋತು.” ಈ ಮಾತಿನಲ್ಲಿ ಸತ್ಯ ಇದೆ. ಆದರೆ ಪೂರ್ತಿ ಸತ್ಯ ಇಲ್ಲ. ನನ್ನದು 2014ರ ಪೆಟ್ರೋಲ್ ಕಾರು. 2023ರವರೆಗೆ ಲೀಟರಿಗೆ 18 ಕಿ.ಮೀ. ಕೊಡುತ್ತಿತ್ತು. 2025ರ ಮಳೆಗಾಲ ಮುಗಿಯುವ ಹೊತ್ತಿಗೆ 14ಕ್ಕೆ ಬಂದು ನಿಂತಿತು. ಕೇಳಿದವರೆಲ್ಲ ಹೇಳಿದ್ದು, “ಎಥನಾಲ್ ಐತಲ್ರಿ, ಏನ್ ಮಾಡಾಕ ಬರ್ತೈತಿ? ಮಾರಿಬಿಡ್ರಿ.” ಒಬ್ಬ ಮೆಕ್ಯಾನಿಕ್ ಅಂತೂ ಇಂಜಿನ್ ಬಿಚ್ಚಬೇಕು ಅಂದ. ಇಂಜಿನ್ ಬಿಚ್ಚುವುದೆಂದರೆ ಅರ್ಧ ಎಕರೆ ಕಬ್ಬಿನ ಲಾಭ ಅಲ್ಲೇ ಮುಗಿಯಿತು ಅಂತ ಲೆಕ್ಕ. ಬಿಚ್ಚುವ ಮುಂಚೆ ಕಾರಣ ಹುಡುಕಿದೆ. ಹುಡುಕಿದ ಕ್ರಮವನ್ನು ಇಲ್ಲಿ ಬರೆದಿದ್ದೇನೆ. ಯಾವ ಕಂಪನಿಯ ಗಾಡಿಗಾದರೂ ಇದೇ ಕ್ರಮ ನಡೆಯುತ್ತದೆ.

ನೋಟ್‌ಬುಕ್ಕೇ ಮೊದಲ ಹತ್ಯಾರ

ನೂರು ರೂಪಾಯಿ, ಇನ್ನೂರು ರೂಪಾಯಿ ಲೆಕ್ಕದಲ್ಲಿ ಪೆಟ್ರೋಲ್ ಹಾಕಿಸುವವರಿಗೆ ಎವರೇಜ್ ಎಂದೂ ಗೊತ್ತಾಗುವುದಿಲ್ಲ. ಮೀಟರಿನ ಮುಳ್ಳು ನೋಡಿ ಹೇಳುವುದು ಬರೀ ಅಂದಾಜು. ಸರಿಯಾದ ದಾರಿ ಇದು: ಟ್ಯಾಂಕ್ ಫುಲ್ ಮಾಡಿಸಿ, ನಳಿಕೆ ತಾನಾಗಿ ಮೊದಲ ಸಲ ಕಟ್ ಆದ ಕೂಡಲೇ ನಿಲ್ಲಿಸಿ. ‘ರೌಂಡ್ ಫಿಗರ್’ ಮಾಡಲು ಹೋಗಬೇಡಿ. ಕಿಲೋಮೀಟರ್ ಬರೆದುಕೊಳ್ಳಿ. ನಾಲ್ಕುನೂರು ಕಿ.ಮೀ. ಓಡಿಸಿ ಅದೇ ಪಂಪಿನಲ್ಲಿ ಮತ್ತೆ ಫುಲ್ ಮಾಡಿಸಿ. ಓಡಿದ ಕಿಲೋಮೀಟರನ್ನು ಈಗ ಹಿಡಿದ ಲೀಟರಿನಿಂದ ಭಾಗಿಸಿ. ಒಂದು ಸಲದ ಲೆಕ್ಕ ನಂಬಬೇಡಿ, ಮೂರು ಸಲ ಮಾಡಿ ಸರಾಸರಿ ತೆಗೆಯಿರಿ. ನನ್ನ ಮೂರು ಸಲದ ಸರಾಸರಿ 14.2 ಬಂತು.

ಒಂದು ಎಚ್ಚರ. ಹಳೆಯ ಅಳತೆಗಿಂತ ದೊಡ್ಡ ಟೈರು ಹಾಕಿಸಿದ್ದರೆ ಚಕ್ರದ ಒಂದು ಸುತ್ತಿಗೆ ಗಾಡಿ ಹೆಚ್ಚು ದೂರ ಹೋಗುತ್ತದೆ, ಮೀಟರ್ ಮಾತ್ರ ಹಳೆಯ ಲೆಕ್ಕವನ್ನೇ ತೋರಿಸುತ್ತದೆ. ಆಗ ಎವರೇಜ್ ಇಳಿಯದಿದ್ದರೂ ಇಳಿದಂತೆ ಕಾಣುತ್ತದೆ. ಸಂಕೇಶ್ವರದ ಹತ್ತಿರ ಹೆದ್ದಾರಿಗೆ ಹೋಗಿ ಹತ್ತು ಕಿಲೋಮೀಟರ್ ಕಲ್ಲು ಎಣಿಸಿದರೆ ಮೀಟರ್ ಸರಿಯಿದೆಯೋ ಇಲ್ಲವೋ ತಿಳಿಯುತ್ತದೆ.

ಪಂಪಿನ ಅಳತೆಯ ಮೇಲೆ ಸಂಶಯ ಇದ್ದರೆ ಜಗಳ ಬೇಡ. ಪ್ರತಿ ಪಂಪಿನಲ್ಲೂ ಮುದ್ರೆ ಹಾಕಿದ 5 ಲೀಟರ್ ಮಾಪು ಇರಬೇಕು. ಅದರಲ್ಲಿ ಅಳೆದು ತೋರಿಸಿ ಎಂದು ಕೇಳುವ ಹಕ್ಕು ಗಿರಾಕಿಗೆ ಇದೆ. ಐದು ಲೀಟರಿಗೆ 25 ಮಿಲಿಲೀಟರ್ ವ್ಯತ್ಯಾಸದವರೆಗೆ ಮಾತ್ರ ಮಾಫಿ.

ಎಥನಾಲ್ ಪಾಲು ಎಷ್ಟು?

ಒಂದು ಲೀಟರ್ ಎಥನಾಲ್‌ನಲ್ಲಿ ಇರುವ ಶಕ್ತಿ ಒಂದು ಲೀಟರ್ ಪೆಟ್ರೋಲಿನ ಶಕ್ತಿಯ ಮೂರರಲ್ಲಿ ಎರಡು ಪಾಲು. ನೂರು ಲೀಟರಿನಲ್ಲಿ 20 ಲೀಟರ್ ಎಥನಾಲ್ ಬೆರೆಸಿದರೆ, ಬರೀ ಪೆಟ್ರೋಲಿಗಿಂತ ಶಕ್ತಿ ನೂರಕ್ಕೆ ಸುಮಾರು 7 ಕಡಿಮೆ. ಆದರೆ ನಾವು ಮೊದಲು ಹಾಕಿಸುತ್ತಿದ್ದದ್ದೂ ಬರೀ ಪೆಟ್ರೋಲ್ ಅಲ್ಲ. ನೂರಕ್ಕೆ 10ರ ಮಿಶ್ರಣ 2022ರಲ್ಲೇ ದೇಶದ ಸರಾಸರಿ ಆಗಿತ್ತು. ನೂರಕ್ಕೆ 20ರ ಪೆಟ್ರೋಲ್ 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿ ಬಿಡುಗಡೆಯಾಗಿ, 2025ರಲ್ಲಿ ಎಲ್ಲ ಕಡೆ ಬಂತು. ಹತ್ತರಿಂದ ಇಪ್ಪತ್ತಕ್ಕೆ ಹೋದಾಗ ಶಕ್ತಿಯ ಇಳಿತ ನೂರಕ್ಕೆ ಮೂರೂವರೆಯಷ್ಟು.

ಇದು ಶಕ್ತಿಯ ಲೆಕ್ಕ. ಇಂಜಿನ್ ಹೊಂದಾಣಿಕೆಯ ಲೆಕ್ಕ ಬೇರೆ. 2021ರಲ್ಲಿ ನೀತಿ ಆಯೋಗ ಹೊರತಂದ ಎಥನಾಲ್ ಮಾರ್ಗಸೂಚಿಯಲ್ಲಿ ಇದನ್ನು ಬರೆದಿದ್ದಾರೆ. ಬರೀ ಪೆಟ್ರೋಲಿಗೆ ತಯಾರಾಗಿ ಹತ್ತರ ಮಿಶ್ರಣಕ್ಕೆ ಹೊಂದಿಸಿದ ಕಾರುಗಳಲ್ಲಿ ಇಪ್ಪತ್ತರ ಮಿಶ್ರಣ ಹಾಕಿದರೆ ಎವರೇಜ್ ನೂರಕ್ಕೆ 6ರಿಂದ 7 ಇಳಿಯುತ್ತದೆ. ಅಂಥದೇ ಬೈಕುಗಳಲ್ಲಿ 3ರಿಂದ 4. ಹತ್ತಕ್ಕೆ ತಯಾರಾಗಿ ಇಪ್ಪತ್ತಕ್ಕೆ ಹೊಂದಿಸಿದ ಕಾರುಗಳಲ್ಲಿ ಬರೀ 1ರಿಂದ 2.

ಈಗ ನನ್ನ ಕಾರಿಗೆ ಬನ್ನಿ. 18ರಿಂದ 14.2 ಅಂದರೆ ನೂರಕ್ಕೆ 21ರ ಇಳಿತ. ಎಥನಾಲ್ ಮೇಲೆ ಎಷ್ಟೇ ಹೇರಿದರೂ ಏಳು ದಾಟುವುದಿಲ್ಲ. ಉಳಿದ ಹದಿನಾಲ್ಕು ಎಲ್ಲಿ ಹೋಯಿತು? ಎಥನಾಲ್ ಬಂದದ್ದರಿಂದ ಆದ ದೊಡ್ಡ ತೊಂದರೆ ಇದೇ. ಎಲ್ಲ ರೋಗಕ್ಕೂ ಒಂದೇ ಹೆಸರು ಸಿಕ್ಕಿಬಿಟ್ಟಿದೆ, ಆ ಹೆಸರಿನ ಹಿಂದೆ ಉಳಿದ ರೋಗಗಳು ಅಡಗಿ ಕೂತಿವೆ.

ಒಂದು ಸಲಕ್ಕೆ ಒಂದೇ ರಿಪೇರಿ

ಬೆಳೆಗೆ ರೋಗ ಬಂದಾಗ ಮೂರು ಔಷಧಿ ಕೂಡಿಸಿ ಹೊಡೆದರೆ ಯಾವುದರಿಂದ ವಾಸಿಯಾಯಿತು ಎಂದು ಗೊತ್ತಾಗುತ್ತದೆಯೇ? ಗಾಡಿಯದೂ ಹಾಗೆಯೇ. ಒಂದನ್ನು ಸರಿಮಾಡಿ, ಒಂದು ಟ್ಯಾಂಕ್ ಓಡಿಸಿ, ಬರೆದಿಟ್ಟು, ಆಮೇಲೆ ಮುಂದಿನದು. ಖರ್ಚಿಲ್ಲದ್ದು ಮೊದಲು. ಎಲ್ಲಕ್ಕಿಂತ ಮುಂಚೆ ಗಾಡಿ ನಿಂತ ಜಾಗದಲ್ಲಿ ಪೆಟ್ರೋಲ್ ವಾಸನೆ ಇದೆಯೇ, ಪೈಪು ಹಸಿಯಾಗಿದೆಯೇ ನೋಡಿ. ಸೋರುತ್ತಿದ್ದರೆ ಎವರೇಜಿನ ಚಿಂತೆಗಿಂತ ಬೆಂಕಿಯ ಚಿಂತೆ ದೊಡ್ಡದು. ಹಳೆಯ ಗಾಡಿಯ ರಬ್ಬರ್ ಪೈಪುಗಳನ್ನು ಸರ್ವಿಸಿಂಗಿನಲ್ಲಿ ತಪ್ಪದೆ ನೋಡಿಸಿ.

ಹವಾ: ಪಂಕ್ಚರ್ ಅಂಗಡಿಯಲ್ಲಿ ಹಿಡಿಸಿದಾಗ 30 ಪೌಂಡ್ ಇರಬೇಕಾದ ಕಡೆ ಎರಡು ಟೈರಿನಲ್ಲಿ 22 ಇತ್ತು, ಸಣ್ಣ ಸೋರಿಕೆ. ಸರಿಮಾಡಿಸಿ ಓಡಿಸಿದೆ. 421 ಕಿ.ಮೀ.ಗೆ 29 ಲೀಟರ್, ಅಂದರೆ 14.5. ಸ್ವಲ್ಪ ಮಾತ್ರ ಏರಿತು. ಹವಾ ಕಡಿಮೆಯಾದರೆ ಪೆಟ್ರೋಲಿಗಿಂತ ಟೈರಿಗೆ ನಷ್ಟ ಹೆಚ್ಚು. ಹವಾ ನೋಡಿಸುವುದಿದ್ದರೆ ಟೈರು ತಣ್ಣಗಿರುವಾಗಲೇ ನೋಡಿಸಬೇಕು.

ಹಿಡಿದ ಬ್ರೇಕು: ಸಮತಟ್ಟಾದ ಖಾಲಿ ರಸ್ತೆಯಲ್ಲಿ 40ರ ವೇಗಕ್ಕೆ ಬಂದು ನ್ಯೂಟ್ರಲ್ ಮಾಡಿ ಬಿಡಿ. ಗಾಡಿ ಸರಾಗವಾಗಿ ಉರುಳಬೇಕು. ಬೇಗ ನಿಂತರೆ ಯಾವುದೋ ಚಕ್ರ ಹಿಡಿಯುತ್ತಿದೆ. ಗಾಳಿಯ, ಇಳಿಜಾರಿನ ಪರಿಣಾಮ ತಿಳಿಯಲು ವಾಪಸು ದಿಕ್ಕಿನಲ್ಲೂ ಒಮ್ಮೆ ಮಾಡಿ. ಆಮೇಲೆ ಬ್ರೇಕ್ ಹೆಚ್ಚು ಹಾಕದೆ ಹತ್ತು ಕಿ.ಮೀ. ಓಡಿಸಿ ನಿಲ್ಲಿಸಿ, ನಾಲ್ಕೂ ಚಕ್ರದ ಹತ್ತಿರ ಅಂಗೈ ಹಿಂಭಾಗ ಹಿಡಿಯಿರಿ. ಮುಟ್ಟಬೇಡಿ, ಸುಡುತ್ತದೆ. ನನ್ನ ಕಾರಿನ ಮುಂದಿನ ಎಡ ಚಕ್ರ ಮಾತ್ರ ಕಾದ ಹಂಚಿನ ಹಾಗಿತ್ತು. ಜಾಕ್ ಹಚ್ಚಿ ತಿರುಗಿಸಿದರೆ ಕೈಗೆ ಭಾರ. ಮಳೆಗಾಲದಲ್ಲಿ ಹೊಲದ ದಾರಿಯ ಎರೆಮಣ್ಣು ಬ್ರೇಕಿನ ಪಿನ್ನಿನೊಳಗೆ ಹೊಕ್ಕು ಒಣಗಿ, ಪ್ಯಾಡ್ ಹಿಂದೆ ಸರಿಯುತ್ತಿರಲಿಲ್ಲ. ಬಿಚ್ಚಿ ತೊಳೆದು, ಬ್ರೇಕಿಗೆಂದೇ ಬರುವ ಗ್ರೀಸ್ ಹಚ್ಚಿದ ಮೇಲೆ 412 ಕಿ.ಮೀ.ಗೆ 26.6 ಲೀಟರ್. ಎವರೇಜ್ 15.5.

ಬಿಸಿಯಾಗದ ಇಂಜಿನ್: ಇದು ಎಲ್ಲಕ್ಕಿಂತ ದೊಡ್ಡ ಕಳ್ಳ. ಇಂಜಿನ್ ನೀರಿನ ದಾರಿಯಲ್ಲಿ ಥರ್ಮೋಸ್ಟಾಟ್ ಎಂಬ ಸಣ್ಣ ವಾಲ್ವು ಇರುತ್ತದೆ. ಇಂಜಿನ್ ಸುಮಾರು 80 ಡಿಗ್ರಿ ಬಿಸಿಯಾಗುವವರೆಗೆ ನೀರನ್ನು ರೇಡಿಯೇಟರಿಗೆ ಬಿಡುವುದಿಲ್ಲ. ನಮ್ಮ ಕಡೆ ಬೇಸಿಗೆಯಲ್ಲಿ ಇಂಜಿನ್ ಕಾದರೆ ಕೆಲವು ಗ್ಯಾರೇಜಿನವರು ಈ ವಾಲ್ವನ್ನೇ ತೆಗೆದು ಬಿಸಾಕುತ್ತಾರೆ. “ಬಿಸಿಲ ನಾಡಿಗೆ ಇದು ಬೇಕಾಗಂಗಿಲ್ರಿ” ಎನ್ನುತ್ತಾರೆ. ನನ್ನ ಕಾರಿನದನ್ನೂ ಹಿಂದಿನ ಬೇಸಿಗೆಯಲ್ಲಿ ಒಂದು ಗ್ಯಾರೇಜಿನಲ್ಲಿ ಹಾಗೇ ತೆಗೆದಿದ್ದರು. ಬಿಲ್ಲಿನಲ್ಲಿ ಅದರ ಮಾತೇ ಇರಲಿಲ್ಲ.

ವಾಲ್ವು ಇಲ್ಲದಿದ್ದರೆ ಏನಾಗುತ್ತದೆ? ಇಂಜಿನ್ ಬಿಸಿಯಾಗುವ ಮೊದಲೇ ನೀರು ರೇಡಿಯೇಟರಿಗೆ ಹೋಗಿ ತಣ್ಣಗಾಗುತ್ತದೆ. ಈಗಿನ ಗಾಡಿಗಳಲ್ಲಿ ಪೆಟ್ರೋಲ್ ಎಷ್ಟು ಬಿಡಬೇಕೆಂದು ತೀರ್ಮಾನಿಸುವುದು ಕಂಪ್ಯೂಟರ್. ನೀರು ತಣ್ಣಗಿದ್ದರೆ “ಇಂಜಿನ್ ಇನ್ನೂ ಈಗಷ್ಟೇ ಶುರುವಾಗಿದೆ” ಎಂದು ತಿಳಿದು ಅದು ಹೆಚ್ಚು ಪೆಟ್ರೋಲ್ ಬಿಡುತ್ತಲೇ ಇರುತ್ತದೆ. ಆಯಿಲ್ ದಪ್ಪಗೇ ಉಳಿದು ಇಂಜಿನ್‌ಗೆ ಭಾರವಾಗುತ್ತದೆ. ಸುಡದ ಪೆಟ್ರೋಲ್ ಆಯಿಲ್‌ಗೆ ಇಳಿದು ಸವೆತವೂ ಹೆಚ್ಚುತ್ತದೆ. ಹಳ್ಳಿಯಿಂದ ಪೇಟೆಗೆ ನಾಲ್ಕೈದು ಕಿಲೋಮೀಟರ್ ಓಡಾಡುವ ನಮ್ಮಂಥವರಿಗೆ ಇದರ ಏಟು ಜಾಸ್ತಿ.

ಪತ್ತೆ ಹಚ್ಚುವುದು ಸುಲಭ. ಬಿಸಿಯ ಮುಳ್ಳು ಇರುವ ಗಾಡಿಯಲ್ಲಿ ಹತ್ತು ಹದಿನೈದು ನಿಮಿಷ ಓಡಿದರೂ ಮುಳ್ಳು ನಡುವಿಗೆ ಬರದಿದ್ದರೆ ಸಂಶಯ ಪಡಿ. ಮುಳ್ಳು ಇಲ್ಲದ ಗಾಡಿಯಲ್ಲಿ ಸ್ಟಿಯರಿಂಗ್ ಕೆಳಗಿನ ಸಾಕೆಟ್ಟಿಗೆ ಸ್ಕ್ಯಾನರ್ ಹಚ್ಚಿಸಿ ನೋಡಬಹುದು. ನನ್ನದರಲ್ಲಿ ಅರ್ಧ ತಾಸು ಓಡಿದ ಮೇಲೂ 62 ಡಿಗ್ರಿ ತೋರಿಸಿತು. ಹೊಸ ವಾಲ್ವು ಕೂರಿಸಿ, ಕೂಲಂಟ್ ತುಂಬಿಸಿ, ರೇಡಿಯೇಟರಿನ ಜಾಲರಿಯಲ್ಲಿ ತುಂಬಿದ್ದ ಕಬ್ಬಿನ ರವದಿ, ಧೂಳು ತೊಳೆಸಿದೆ. ಅಸಲಿಗೆ ಇಂಜಿನ್ ಕಾಯುತ್ತಿದ್ದದ್ದು ಆ ಕಸದಿಂದ. ಮುಂದಿನ ಟ್ಯಾಂಕಿಗೆ 448 ಕಿ.ಮೀ., 26.2 ಲೀಟರ್. ಎವರೇಜ್ 17.1.

18ಕ್ಕೂ 17.1ಕ್ಕೂ ಉಳಿದ ವ್ಯತ್ಯಾಸ ನೂರಕ್ಕೆ 5. ಇದು ಎಥನಾಲ್ ಪಾಲು, ಇದಕ್ಕೆ ರಿಪೇರಿ ಇಲ್ಲ. ನೂರಕ್ಕೆ 21ರಲ್ಲಿ 16 ಮಾತ್ರ ಕೈಗೆ ಬಂದದ್ದು. ತಿಂಗಳಿಗೆ 800 ಕಿ.ಮೀ. ಓಡಿಸಿದರೆ ಒಂಬತ್ತೂವರೆ ಲೀಟರ್ ಉಳಿತಾಯ. ಲೀಟರಿಗೆ ನೂರು ರೂಪಾಯಿ ಹಿಡಿದರೂ 950 ರೂಪಾಯಿ.

ಏರ್ ಫಿಲ್ಟರ್ ಮತ್ತು ನ್ಯೂಟ್ರಲ್

ಎವರೇಜ್ ಇಳಿದರೆ ಎಲ್ಲರೂ ಮೊದಲು ಬದಲಿಸುವುದು ಏರ್ ಫಿಲ್ಟರ್. ಕಾರ್ಬೊರೇಟರ್ ಇರುವ ಹಳೆಯ ಗಾಡಿಯಲ್ಲಿ ಇದು ಸರಿ. ಗಾಳಿ ಕಡಿಮೆಯಾದರೆ ಅಲ್ಲಿ ಪೆಟ್ರೋಲ್ ಹೆಚ್ಚು ಹೋಗುತ್ತದೆ. ಕಂಪ್ಯೂಟರ್ ಇರುವ ಗಾಡಿ ಬರುವ ಗಾಳಿಗೆ ತಕ್ಕಷ್ಟೇ ಪೆಟ್ರೋಲ್ ಬಿಡುತ್ತದೆ. ಫಿಲ್ಟರ್ ಕಟ್ಟಿದರೆ ಎಳೆತ ಕಡಿಮೆಯಾಗುತ್ತದೆ, ಎವರೇಜ್ ಅಷ್ಟಾಗಿ ಇಳಿಯುವುದಿಲ್ಲ. ಕಬ್ಬಿನ ಹಂಗಾಮಿನ ಧೂಳಿಗೆ ಇಂಜಿನ್ ಉಳಿಯಬೇಕಾದರೆ ಫಿಲ್ಟರ್ ಬದಲಿಸಲೇಬೇಕು. ಆದರೆ ಅದರಿಂದ ಮೂರು ಕಿಲೋಮೀಟರ್ ವಾಪಸು ಬರುತ್ತದೆ ಎಂದು ಕಾಯಬೇಡಿ.

ಗೋಕಾಕ ಫಾಲ್ಸ್ ಕಡೆಯ ಇಳಿಜಾರಿನಲ್ಲಿ ನ್ಯೂಟ್ರಲ್ ಹಾಕುವ ಚಟ ಬಹಳ ಜನರಿಗಿದೆ. ಈಗಿನ ಗಾಡಿ ಗೇರಿನಲ್ಲಿದ್ದು ಎಕ್ಸಿಲೇಟರ್ ಬಿಟ್ಟರೆ ಪೆಟ್ರೋಲ್ ಪೂರ್ತಿ ನಿಲ್ಲುತ್ತದೆ. ನ್ಯೂಟ್ರಲ್‌ನಲ್ಲಿ ಇಂಜಿನ್ ಬಂದ್ ಆಗದಂತೆ ಕುಡಿಯುತ್ತಲೇ ಇರುತ್ತದೆ. ಅಂದರೆ ಉಳಿತಾಯವೂ ಇಲ್ಲ, ಬ್ರೇಕಿನ ಮೇಲೆ ಭಾರವೂ ಹೌದು.

ಬೈಕು, ಟ್ರ್ಯಾಕ್ಟರ್ ಇದ್ದವರಿಗೆ

ಬೈಕಿಗೂ ಇದೇ ಕ್ರಮ: ಹವಾ, ಹಿಡಿದ ಬ್ರೇಕು, ಜೊತೆಗೆ ಒಣಗಿದ ಅಥವಾ ಬಿಗಿಯಾದ ಚೈನು. ಟ್ರ್ಯಾಕ್ಟರಿಗೆ ಎಥನಾಲ್ ಸಂಬಂಧವೇ ಇಲ್ಲ, ಅದು ಡೀಸೆಲ್. ಅದರ ಲೆಕ್ಕವನ್ನು ಕಿಲೋಮೀಟರಿನಲ್ಲಿ ಹಿಡಿಯದೆ ತಾಸಿಗೆ ಎಷ್ಟು ಲೀಟರ್ ಎಂದು ಬರೆಯಿರಿ. ಕಪ್ಪು ಹೊಗೆ ಬಂದರೆ ಏರ್ ಕ್ಲೀನರ್, ಇಂಜೆಕ್ಟರ್ ನೋಡಿಸಿ. ಇಂಜಿನ್ ಕೂಗಿದರೂ ಟ್ರೇಲರ್ ಮುಂದೆ ಹೋಗದಿದ್ದರೆ ಕ್ಲಚ್ ಜಾರುತ್ತಿದೆ.

ಕಬ್ಬು ಬೆಳೆಯುವವರಿಗೆ ಒಂದು ಮಾತು

ಕಬ್ಬಿನ ಹಾಲಿನಿಂದ ನೇರವಾಗಿ ಎಥನಾಲ್ ಮಾಡಿದರೆ ಟನ್ನಿಗೆ ಸುಮಾರು 70 ಲೀಟರ್ ಬರುತ್ತದೆ. ಕಾಕಂಬಿಯಿಂದಲೂ, ಈಚೆಗೆ ಹೆಚ್ಚಾಗಿ ಗೋವಿನಜೋಳದಿಂದಲೂ ಮಾಡುತ್ತಾರೆ. ಎರಡೂ ನಮ್ಮ ಹೊಲದ ಬೆಳೆಗಳೇ. ನನ್ನ ಕಾರು ತಿಂಗಳಿಗೆ ಒಂಬತ್ತು ಲೀಟರಿಗಿಂತ ಸ್ವಲ್ಪ ಹೆಚ್ಚು ಎಥನಾಲ್ ಕುಡಿಯುತ್ತದೆ, ಅಂದರೆ ಹೆಚ್ಚುಕಡಿಮೆ ಒಂದೂಕಾಲು ಕ್ವಿಂಟಲ್ ಕಬ್ಬು. ಶಕ್ತಿ ಕಡಿಮೆ ಇರುವ ಎಣ್ಣೆಗೆ ಪೂರ್ತಿ ಪೆಟ್ರೋಲಿನ ದರ ಕೊಡುವ ಗಿರಾಕಿಯೂ ನಾವೇ, ಕಬ್ಬಿನ ಬಿಲ್ಲಿಗೆ ಕಾಯುವವರೂ ನಾವೇ. ದರದ ಬಗ್ಗೆ ಕೇಳಬೇಕಾದ್ದನ್ನು ಕೇಳೋಣ. ಆದರೆ ಕೇಳುವಾಗ ನಮ್ಮ ಕೈಯಲ್ಲಿ ಸರಿಯಾದ ಅಂಕಿ ಇರಬೇಕು. “ಎವರೇಜ್ ಭಾಳ ಇಳದೈತಿ” ಎಂದರೆ ಯಾರೂ ಕಿವಿಗೆ ಹಾಕಿಕೊಳ್ಳುವುದಿಲ್ಲ. “ಗಾಡಿಯ ದೋಷವೆಲ್ಲ ತೆಗೆದ ಮೇಲೂ ನೂರಕ್ಕೆ ಐದು ಇಳಿದಿದೆ, ಇಲ್ಲಿದೆ ನೋಟ್‌ಬುಕ್ಕು” ಎಂದರೆ ಉತ್ತರ ಕೊಡಲೇಬೇಕಾಗುತ್ತದೆ.

ನಿಮ್ಮ ಗಾಡಿಯ ಇಳಿತ ನೂರಕ್ಕೆ ಏಳರ ಒಳಗಿದ್ದರೆ ಗ್ಯಾರೇಜಿಗೆ ದುಡ್ಡು ಸುರಿಯಬೇಡಿ. ಏಳು ದಾಟಿದ್ದರೆ ಎಥನಾಲನ್ನು ಬೈಯುತ್ತ ಕೂರಬೇಡಿ, ಒಂದೊಂದಾಗಿ ಹುಡುಕಿ.