ಜನರಿಲ್ಲದ ಜಗಳೂರಿನಲ್ಲಿ ಸೋಲಾರ್ ದೀಪ

ನಾಳೆ ಬೆಳಿಗ್ಗೆ ಹೊತ್ತಿಗೆ ಜಗಳೂರಿನಲ್ಲಿ ಒಬ್ಬ ಮನುಷ್ಯನೂ ಇಲ್ಲ ಎಂದುಕೊಳ್ಳಿ. ಬೆಸ್ಕಾಂ ಕರೆಂಟಂತೂ ಹೆಚ್ಚು ದಿನ ಬಾಳದು. ಆದರೆ ಊರಾಚೆಯ ಸೋಲಾರ್ ಬೀದಿದೀಪ ಮಾತ್ರ ಸಂಜೆಯಾಗುತ್ತಲೇ ಎಂದಿನಂತೆ ಹೊತ್ತಿಕೊಳ್ಳುತ್ತದೆ. ಅದಕ್ಕೆ ಸ್ವಿಚ್ ಹಾಕುವವರು ಮೊದಲೂ ಇರಲಿಲ್ಲವಲ್ಲ! ಪ್ಯಾನೆಲ್ಲಿನ ವೋಲ್ಟೇಜ್ ಬಿದ್ದರೆ ಕತ್ತಲಾಯಿತು, ಏರಿದರೆ ಬೆಳಗಾಯಿತು. ಒಳಗಿನ ಕಂಟ್ರೋಲರ್‌ಗೆ ಇಷ್ಟು ಗೊತ್ತಾದರೆ ಸಾಕು.

ಹೀಗೆ ಎಷ್ಟು ಕಾಲ? ಮೊದಲು ಸಾಯುವುದು ಪ್ಯಾನೆಲ್ ಅಲ್ಲ, ಬ್ಯಾಟರಿ. ಹಳೆಯ ಲೆಡ್-ಆಸಿಡ್ ಬ್ಯಾಟರಿಯಾದರೆ ಚಾರ್ಜ್ ಆಗುವಾಗಲೆಲ್ಲ ಒಳಗಿನ ನೀರು ಒಂದಿಷ್ಟು ಹೈಡ್ರೋಜನ್, ಆಕ್ಸಿಜನ್ ಆಗಿ ಹಾರಿಹೋಗುತ್ತದೆ. ಡಿಸ್ಟಿಲ್ಡ್ ವಾಟರ್ ಹಾಕುವವರಿಲ್ಲ. ಜಗಳೂರಿನ ಏಪ್ರಿಲ್ ಬಿಸಿಲು ಬೇರೆ. ಪ್ಲೇಟು ಬರಿದಾಗಿ ಸಲ್ಫೇಟ್ ಗಟ್ಟಿ ಕಟ್ಟಿತೆಂದರೆ ಮುಗಿಯಿತು. ಲಿಥಿಯಂ ಬ್ಯಾಟರಿ ಇನ್ನೂ ಕೆಲವು ವರ್ಷ ಎಳೆದೀತು. 50,000 ಗಂಟೆ ಬಾಳುವ ಎಲ್‌ಇಡಿ ರಾತ್ರಿಗೆ 12 ಗಂಟೆ ಉರಿದರೂ 11 ವರ್ಷ ಬರಬೇಕು. ಪ್ಯಾನೆಲ್ಲಿಗೆ ಕಂಪನಿಗಳು ಕೊಡುವ ಗ್ಯಾರಂಟಿಯೇ ಸಾಮಾನ್ಯವಾಗಿ 25 ವರ್ಷ. ಎರಡೂ ಗಟ್ಟಿಯಾಗಿಯೇ ಇರುತ್ತವೆ, ನಡುವಿನ ಪೆಟ್ಟಿಗೆ ಸತ್ತು ದೀಪ ಆರಿರುತ್ತದೆ.

ಇದು ಬರೀ ಊಹೆಯಲ್ಲ. 1958ರ ಮಾರ್ಚಿನಲ್ಲಿ ಅಮೆರಿಕ ಹಾರಿಸಿದ ವ್ಯಾನ್‌ಗಾರ್ಡ್-1 ಉಪಗ್ರಹದಲ್ಲಿ ಎರಡು ಟ್ರಾನ್ಸ್‌ಮಿಟರ್ ಇದ್ದವು. ಬ್ಯಾಟರಿಯದು ಆ ಜೂನ್‌ನಲ್ಲೇ ಸುಮ್ಮನಾಯಿತು; ಸೌರಕೋಶದ್ದು 1964ರವರೆಗೂ ಮಾತಾಡಿತು. ಉಪಗ್ರಹ ಈಗಲೂ ಮೇಲೆ ಸುತ್ತುತ್ತಲೇ ಇದೆ.

ಅಲ್ಲಿ ದೂಳಿಲ್ಲ ಎನ್ನಬಹುದು. ದೂಳಿನ ಕಥೆಗೆ ಮಂಗಳಕ್ಕೆ ಹೋಗಬೇಕು. 90 ದಿನಕ್ಕೆಂದು ಕಳಿಸಿದ ಆಪರ್ಚುನಿಟಿ ರೋವರ್ 2004ರಿಂದ 14 ವರ್ಷ ಓಡಾಡಿತು, ಅಲ್ಲಿನ ಗಾಳಿ ಆಗಾಗ ಅದರ ಪ್ಯಾನೆಲ್ ಗುಡಿಸಿಕೊಟ್ಟಿದ್ದರಿಂದ. 2018ರಲ್ಲಿ ಇಡೀ ಗ್ರಹವನ್ನೇ ಮುಚ್ಚಿದ ದೂಳಿನ ಬಿರುಗಾಳಿ ಅದನ್ನು ಮುಗಿಸಿತು. ಜಗಳೂರಿನಲ್ಲಿ ಮಳೆ ಎಷ್ಟೇ ಕಡಿಮೆ ಎಂದರೂ ವರ್ಷಕ್ಕೆ ನಾಲ್ಕಾರು ಹದ ಮಳೆಯಾದರೂ ಬರುತ್ತದೆ. ಓರೆಯಾಗಿ ಕೂರಿಸಿದ ಗಾಜನ್ನು ತೊಳೆಯಲು ಅದು ಸಾಕು.

ನಿಜವಾದ ಶತ್ರು ಜಾಲಿ. ಪ್ಯಾನೆಲ್ಲಿನ ಕೋಶಗಳನ್ನು ಒಂದರ ಹಿಂದೊಂದು ಜೋಡಿಸಿರುತ್ತಾರೆ. ಒಂದರ ಮೇಲೆ ರೆಂಬೆಯ ನೆರಳೋ ಕಾಗೆಯ ಹಿಕ್ಕೆಯೋ ಬಿದ್ದರೆ ಕರೆಂಟು ಅಲ್ಲೇ ತಡೆದು, ಆ ಕೋಶ ಬಿಸಿಯೇರಿ ಸುಡುತ್ತದೆ. ಹಾಗಾಗದಿರಲೆಂದೇ ಹಿಂದಿನ ಡಬ್ಬಿಯಲ್ಲಿ ಬೈಪಾಸ್ ಡಯೋಡ್‌ಗಳಿವೆ. ಅವೂ ಎಷ್ಟು ವರ್ಷ ತಡೆದಾವು?

ಚನ್ನಗಿರಿಯ ಅಡಿಕೆ ತೋಟದ ಅಂಚಿನಲ್ಲೋ ಹೊನ್ನಾಳಿಯ ತುಂಗಭದ್ರೆ ದಂಡೆಯಲ್ಲೋ ಇದೇ ಪ್ಯಾನೆಲ್ ಇಟ್ಟರೆ ಕಥೆ ಬೇಗ ಮುಗಿಯುತ್ತದೆ. ನ್ಯಾಮತಿಯ ಮಲೆನಾಡ ಕಡೆಯ ಅಂಚಿನಲ್ಲೂ ಅಷ್ಟೇ. ಫ್ರೇಮಿನ ಕೆಳ ಅಂಚಿನಲ್ಲಿ ಕೂತ ಕೆಸರಿಗೆ ಪಾಚಿ ಹಿಡಿಯುತ್ತದೆ, ಎರಡು ಮಳೆಗಾಲಕ್ಕೆ ಬಳ್ಳಿ ಹತ್ತುತ್ತದೆ. ನೀರಾವರಿ ಇಲ್ಲವೆಂದು ಜಗಳೂರಿನವರು ಕೊರಗುವುದು ಸರಿಯೇ. ಯಂತ್ರಕ್ಕೆ ಮಾತ್ರ ಆ ಒಣ ನೆಲವೇ ಲೇಸು. ಬಿಸಿಲಿನ ಕಾವಿಗೆ ಸಿಲಿಕಾನ್ ಕೋಶ 25 ಡಿಗ್ರಿಯ ಮೇಲೆ ಪ್ರತಿ ಡಿಗ್ರಿಗೆ ಸುಮಾರು ಶೇ 0.4ರಷ್ಟು ಶಕ್ತಿ ಕಳೆದುಕೊಳ್ಳುತ್ತದೆ, ನಿಜ. ಸಂಜೆ ತಂಪಾದರೆ ಮರಳಿ ಪಡೆಯುತ್ತದೆ. ಪಾಚಿ, ಬಳ್ಳಿಗಳಿಗೆ ಆ ಮರುಕವಿಲ್ಲ.

ಪಂದ್ಯ ಕಟ್ಟುವುದಾದರೆ ನಾನು ದೀಪದ ಮೇಲೆ ಕಟ್ಟುವುದಿಲ್ಲ, ಪಕ್ಕದ ಹೊಲದ ಸೋಲಾರ್ ಪಂಪಿನ ಮೇಲೆ ಕಟ್ಟುತ್ತೇನೆ. ಅದಕ್ಕೆ ಬ್ಯಾಟರಿಯೇ ಇಲ್ಲ. ಆನ್ ಮಾಡಿಟ್ಟು ಹೋಗಿದ್ದರೆ, ಬಿಸಿಲೇರಿದಾಗ ತಾನಾಗಿ ನೀರೆತ್ತಿ ಇಳಿದಾಗ ನಿಲ್ಲುತ್ತದೆ. ಸುತ್ತಲಿನ ಬೋರ್‌ವೆಲ್‌ಗಳೆಲ್ಲ ಬಂದ್ ಆಗಿರುವುದರಿಂದ ಅಂತರ್ಜಲವೂ ಮೆಲ್ಲಗೆ ಮೇಲೇರುತ್ತಿರುತ್ತದೆ. ಮೋಟಾರಿಗೆ ವರ್ಷ ವರ್ಷಕ್ಕೆ ಕೆಲಸ ಹಗುರ. ಕೊನೆಗೆ ಕಂಟ್ರೋಲರ್‌ನ ಕೆಪಾಸಿಟರ್ ಒಣಗಿಯೋ ಸಿಡಿಲು ಬಡಿದೋ ಅದೂ ನಿಲ್ಲುತ್ತದೆ. ಆಗಲೂ ಪ್ಯಾನೆಲ್ಲಿನ ತಂತಿ ಮುಟ್ಟಿದರೆ ಶಾಕ್ ಹೊಡೆದೀತು.