ನೆಟ್ ಸ್ಲೋ ಇದ್ದರೆ ನಮ್ಮ ಕಂಪ್ಯೂಟರ್ ವಿಜ್ಞಾನಕ್ಕೆ ದುಡಿಯಲು ಆಗುವುದಿಲ್ಲವೇ? ಇಲ್ಲಿದೆ ಲೆಕ್ಕ

‘ಸುಮ್ಮನೆ ಬಿದ್ದಿರುವ ನಿಮ್ಮ ಕಂಪ್ಯೂಟರನ್ನು ಕ್ಯಾನ್ಸರ್ ಸಂಶೋಧನೆಗೆ ಕೊಡಿ’ ಎಂಬಂಥ ಸಂದೇಶ ವಾಟ್ಸಾಪ್ ಗುಂಪಿಗೆ ಬಂದರೆ ಎರಡು ಬಗೆಯ ಉತ್ತರ ಬರುವುದು ಸಹಜ. ಒಂದು, ‘ಇದೆಲ್ಲ ಮೋಸ’. ಇನ್ನೊಂದು, ‘ಅದಕ್ಕೆ ಫೈಬರ್ ನೆಟ್ ಬೇಕು, ನಮ್ಮಲ್ಲಿ ಆಗಲ್ಲ’. ಎರಡೂ ಪೂರ್ತಿ ನಿಜವಲ್ಲ.

ದಾವಣಗೆರೆಯಲ್ಲಾಗಲಿ ಹರಿಹರದಲ್ಲಾಗಲಿ ಮೊಬೈಲ್ ಹಾಟ್‌ಸ್ಪಾಟ್‌ನಲ್ಲೇ ಕಂಪ್ಯೂಟರ್ ಓಡಿಸುವ ಮನೆಗಳಿವೆ. ಈ ಲೇಖನ ಅಂಥವರಿಗಾಗಿ. ಚಿಕ್ಕ ಉತ್ತರ ಇಷ್ಟು: ಸ್ಲೋ ನೆಟ್‌ನಲ್ಲೂ ಇದು ಸಾಧ್ಯ, ಆದರೆ ಯೋಜನೆಯನ್ನು ನೋಡಿ ಆರಿಸಿಕೊಳ್ಳಬೇಕು. ನೋಡಬೇಕಾದ್ದು ನೆಟ್‌ನ ವೇಗವೊಂದನ್ನೇ ಅಲ್ಲ. ಒಂದು ಗಂಟೆಯ ಲೆಕ್ಕಕ್ಕೆ ಎಷ್ಟು ಎಂಬಿ ಓಡಾಡುತ್ತದೆ ಎಂಬುದನ್ನು.

ಇದು ನಡೆಯುವುದು ಹೇಗೆ?

ಬೀಡಿ ಕಟ್ಟುವ ಮನೆಗಳನ್ನು ನೆನಪಿಸಿಕೊಳ್ಳಿ. ಕಂಟ್ರಾಕ್ಟರ್ ಎಲೆ, ತಂಬಾಕು, ದಾರ ಕೊಡುತ್ತಾನೆ. ಮನೆಯವರು ಕಟ್ಟಿ, ಹೇಳಿದ ದಿನಕ್ಕೆ ತಲುಪಿಸುತ್ತಾರೆ. ಅವನು ಪರೀಕ್ಷಿಸಿ ಒಪ್ಪಿಕೊಳ್ಳುತ್ತಾನೆ, ಸರಿಯಿಲ್ಲದ್ದನ್ನು ತಿರಸ್ಕರಿಸುತ್ತಾನೆ. ಸ್ವಯಂಸೇವಾ ಕಂಪ್ಯೂಟಿಂಗ್ ಕೂಡ ಹೀಗೆಯೇ. ದೊಡ್ಡ ಲೆಕ್ಕವೊಂದನ್ನು ವಿಜ್ಞಾನಿಗಳು ಸಾವಿರಾರು ತುಣುಕು ಮಾಡುತ್ತಾರೆ. ಒಂದು ತುಣುಕು ನಿಮ್ಮ ಕಂಪ್ಯೂಟರ್‌ಗೆ ಇಳಿಯುತ್ತದೆ, ಅಲ್ಲಿ ಲೆಕ್ಕ ನಡೆಯುತ್ತದೆ, ಉತ್ತರ ವಾಪಸ್ ಹೋಗುತ್ತದೆ. ಅನೇಕ ಯೋಜನೆಗಳು ಒಂದೇ ತುಣುಕನ್ನು ಇಬ್ಬರಿಗೆ ಕೊಟ್ಟು ಉತ್ತರ ತಾಳೆ ನೋಡುತ್ತವೆ. ಪ್ರತಿ ತುಣುಕಿಗೂ ಗಡುವು ಇರುತ್ತದೆ. ಒಂದು ವ್ಯತ್ಯಾಸ: ಇಲ್ಲಿ ಕೂಲಿ ಇಲ್ಲ.

ಹೆಚ್ಚಿನ ಯೋಜನೆಗಳು ಅಮೆರಿಕದ ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಹುಟ್ಟಿದ ‘ಬೋಯಿಂಕ್’ ಎಂಬ ಉಚಿತ ತಂತ್ರಾಂಶದ ಮೂಲಕ ನಡೆಯುತ್ತವೆ.

ಸ್ಲೋ ನೆಟ್ ಅಡ್ಡಿಯೇ?

ಇತಿಹಾಸವೇ ಉತ್ತರ ಹೇಳುತ್ತದೆ. ಅನ್ಯಗ್ರಹ ಜೀವಿಗಳ ಸಂಕೇತ ಹುಡುಕುವ ‘ಸೆಟಿ ಅಟ್ ಹೋಮ್’ ಶುರುವಾದದ್ದು 1999ರ ಮೇ ತಿಂಗಳಲ್ಲಿ. ಆಗ ನೆಟ್ ಇದ್ದ ಬಹುಪಾಲು ಮನೆಗಳಲ್ಲಿ ಇದ್ದದ್ದು ಫೋನ್ ಲೈನಿನ ಡಯಲ್‌ಅಪ್ ನೆಟ್, ವೇಗ ಹೆಚ್ಚೆಂದರೆ 56 ಕೆಬಿಪಿಎಸ್. ಒಂದು ತುಣುಕಿನ ಗಾತ್ರ ಸುಮಾರು 350 ಕೆಬಿ, ಇಳಿಯಲು ಒಂದೆರಡು ನಿಮಿಷ. ಅದರ ಲೆಕ್ಕ ಮುಗಿಸಲು ಅಂದಿನ ಕಂಪ್ಯೂಟರ್‌ಗೆ ಹಲವಾರು ಗಂಟೆ ಬೇಕಿತ್ತು. ಅಂದರೆ ಸಾಗಾಟ ಕಡಿಮೆ, ದುಡಿಮೆ ಹೆಚ್ಚು. 2020ರ ಮಾರ್ಚ್ ಕೊನೆಗೆ ಅದು ಹೊಸ ಕೆಲಸ ಹಂಚುವುದನ್ನು ನಿಲ್ಲಿಸಿತು.

ಹಾಗೆಂದು ಎಲ್ಲ ಯೋಜನೆಗಳೂ ಅಷ್ಟು ಹಗುರವಲ್ಲ. ಎಡವುವುದು ಇಲ್ಲಿಯೇ.

ಎಂಬಿ ಲೆಕ್ಕ ಹಾಕುವುದು ಹೇಗೆ?

ನೆಟ್ ಕಂಪನಿ ಹೇಳುವ ‘ಎಂಬಿಪಿಎಸ್’ ಬೇರೆ, ಕಡತದ ‘ಎಂಬಿ’ ಬೇರೆ. ಮೊದಲನೆಯದನ್ನು 8ರಿಂದ ಭಾಗಿಸಿದರೆ ಸೆಕೆಂಡಿಗೆ ಎಷ್ಟು ಎಂಬಿ ಎಂದು ಸಿಗುತ್ತದೆ. 100 ಎಂಬಿ ಕಡತವೊಂದಕ್ಕೆ ಎಷ್ಟು ಹೊತ್ತು ಬೇಕು ನೋಡಿ:

• 2 ಎಂಬಿಪಿಎಸ್ ವೇಗದಲ್ಲಿ: ಸುಮಾರು 7 ನಿಮಿಷ.
• 512 ಕೆಬಿಪಿಎಸ್ ವೇಗದಲ್ಲಿ: ಸುಮಾರು 26 ನಿಮಿಷ.
• ದಿನದ ಡೇಟಾ ಮುಗಿದ ಮೇಲೆ ಅನೇಕ ಪ್ಯಾಕ್‌ಗಳಲ್ಲಿ ಉಳಿಯುವ 64 ಕೆಬಿಪಿಎಸ್ ವೇಗದಲ್ಲಿ: ಸುಮಾರು ಮೂರೂವರೆ ಗಂಟೆ.

ಅದೇ 1 ಎಂಬಿ ಕಡತವಾದರೆ 64 ಕೆಬಿಪಿಎಸ್‌ನಲ್ಲೂ ಎರಡೇ ನಿಮಿಷದಲ್ಲಿ ಹೋಗುತ್ತದೆ. ಇನ್ನೊಂದು ಮಾತು: ವೇಗ ಪರೀಕ್ಷೆ ಮಾಡುವಾಗ ಡೌನ್‌ಲೋಡ್ ಮಾತ್ರ ನೋಡಬೇಡಿ. ಉತ್ತರ ವಾಪಸ್ ಹೋಗುವುದು ಅಪ್‌ಲೋಡ್ ದಾರಿಯಲ್ಲಿ, ಮೊಬೈಲ್ ನೆಟ್‌ನಲ್ಲಿ ಅದು ಸಾಮಾನ್ಯವಾಗಿ ಇನ್ನೂ ನಿಧಾನ.

ಯಾವ ಯೋಜನೆ ಹಗುರ, ಯಾವುದು ಭಾರ?

ಹಗುರ: ‘ವರ್ಲ್ಡ್ ಕಮ್ಯುನಿಟಿ ಗ್ರಿಡ್’ನ ಕ್ಯಾನ್ಸರ್ ಗುರುತು ಹುಡುಕುವ ಕೆಲಸ. 2004ರಲ್ಲಿ ಐಬಿಎಂ ಆರಂಭಿಸಿದ ಈ ಯೋಜನೆ ಈಗ ಕೆನಡಾದ ಟೊರಾಂಟೊದ ಕ್ರೆಂಬಿಲ್ ಸಂಶೋಧನಾ ಸಂಸ್ಥೆಯಲ್ಲಿದೆ. ಕ್ಷುದ್ರಗ್ರಹಗಳ ಆಕಾರ ಲೆಕ್ಕ ಹಾಕುವ ‘ಆಸ್ಟರಾಯ್ಡ್ಸ್ ಅಟ್ ಹೋಮ್’ ಕೂಡ ಹಗುರ. ಇವುಗಳ ಕಡತ ಚಿಕ್ಕದು, ಲೆಕ್ಕ ದೊಡ್ಡದು.

ನಡುವಿನದು: ‘ಐನ್‌ಸ್ಟೈನ್ ಅಟ್ ಹೋಮ್’. ಪಲ್ಸಾರ್ ಎಂಬ ನಕ್ಷತ್ರಗಳನ್ನೂ ಗುರುತ್ವ ಅಲೆಗಳನ್ನೂ ಇದು ಹುಡುಕುತ್ತದೆ. 2010ರಲ್ಲಿ ಅಮೆರಿಕ ಮತ್ತು ಜರ್ಮನಿಯ ಸಾಮಾನ್ಯ ಜನರ ಕಂಪ್ಯೂಟರ್‌ಗಳೇ ಹೊಸ ಪಲ್ಸಾರ್ ಒಂದನ್ನು ಪತ್ತೆ ಮಾಡಿದ್ದು ಇದರಲ್ಲಿಯೇ. ಗುರುತ್ವ ಅಲೆಯ ಕೆಲಸಕ್ಕೆ ದೊಡ್ಡ ಕಡತಗಳು ಬೇಕು. ಆದರೆ ಒಮ್ಮೆ ಇಳಿದ ಕಡತವನ್ನೇ ಹಲವು ತುಣುಕುಗಳಿಗೆ ಬಳಸುತ್ತದೆ. ಯಾವ ಬಗೆಯ ಕೆಲಸ ಬೇಕೆಂದು ನಿಮ್ಮ ಖಾತೆಯಲ್ಲೇ ಆರಿಸಬಹುದು.

ಭಾರ: ಆಕ್ಸ್‌ಫರ್ಡ್‌ನಲ್ಲಿ ಹುಟ್ಟಿದ ‘ಕ್ಲೈಮೇಟ್ ಪ್ರೆಡಿಕ್ಷನ್’ ಹವಾಮಾನ ಯೋಜನೆ ಮತ್ತು ಸರ್ನ್ ಪ್ರಯೋಗಾಲಯದ ‘ಎಲ್‌ಎಚ್‌ಸಿ ಅಟ್ ಹೋಮ್’ನ ಅಟ್ಲಾಸ್ ಕೆಲಸ. ಇಲ್ಲಿ ಕಡತಗಳು ನೂರಾರು ಎಂಬಿ ಇರಬಹುದು. ಹಾಟ್‌ಸ್ಪಾಟ್ ಮನೆಗೆ ಇವು ಬೇಡ.

ಗಮನಿಸಿ: ಅತಿ ದೊಡ್ಡ ಅವಿಭಾಜ್ಯ ಸಂಖ್ಯೆ ಹುಡುಕುವ ‘ಗಿಂಪ್ಸ್’ನಲ್ಲಿ ಇಳಿಯುವುದು ಏನೂ ಇಲ್ಲವೆನ್ನುವಷ್ಟು ಕಡಿಮೆ. ಆದರೆ ಕೊನೆಗೆ ಕಳಿಸಬೇಕಾದ ಪುರಾವೆ ಕಡತ ನೂರು ಎಂಬಿ ದಾಟುವುದುಂಟು. ‘ಫೋಲ್ಡಿಂಗ್ ಅಟ್ ಹೋಮ್’ ಕೋವಿಡ್ ಕಾಲದಲ್ಲಿ ಹೆಸರಾಯಿತು. ಅದು ಉತ್ತರ ಬೇಗ ಬರಬೇಕೆಂದು ಬಯಸುತ್ತದೆ. ಹಲವು ದಿನಗಳ ಕೆಲಸವನ್ನು ಒಟ್ಟಿಗೆ ಇಳಿಸಿಕೊಳ್ಳಲು ಬಿಡುವುದಿಲ್ಲ. ನೆಟ್ ಹೋಗಿಬಂದು ಮಾಡುವ ಕಡೆ ಇದು ಅನುಕೂಲವಲ್ಲ.

ಯೋಜನೆಗಳಲ್ಲಿ ಆಗಾಗ ಕೆಲಸ ಖಾಲಿಯಾಗುವುದುಂಟು. ಹಾಗಾಗಿ ಎರಡು ಹಗುರ ಯೋಜನೆಗೆ ಸೇರಿಕೊಳ್ಳುವುದು ಒಳ್ಳೆಯದು.

ಬೋಯಿಂಕ್‌ನಲ್ಲಿ ಏನು ಬದಲಿಸಬೇಕು?

‘ಕಂಪ್ಯೂಟಿಂಗ್ ಪ್ರಿಫರೆನ್ಸಸ್’ ತೆರೆಯಿರಿ. ಇಷ್ಟು ದಿನಕ್ಕೆ ಇಷ್ಟೇ ಎಂಬಿ ಎಂದು ಮಿತಿ ಹಾಕಬಹುದು. ರಾತ್ರಿ ಇಂತಿಷ್ಟು ಗಂಟೆ ಮಾತ್ರ ನೆಟ್ ಬಳಸು ಎನ್ನಬಹುದು. ಒಂದೆರಡು ದಿನದ ಕೆಲಸವನ್ನು ಒಮ್ಮೆಲೇ ಇಳಿಸಿಟ್ಟುಕೊಂಡರೆ ನಡುವೆ ನೆಟ್ ಹೋದರೂ ಲೆಕ್ಕ ನಿಲ್ಲದು. ಆದರೆ ಅತಿಯಾಸೆ ಬೇಡ. ಹೆಚ್ಚು ಇಳಿಸಿಕೊಂಡು ಗಡುವು ಮೀರಿದರೆ ಆ ಕೆಲಸ ಬೇರೆಯವರಿಗೆ ಹೋಗುತ್ತದೆ, ನಿಮ್ಮ ಡೇಟಾ ಮತ್ತು ಕರೆಂಟ್ ದಂಡ. ಕರೆಂಟ್ ಹೋದರೆ ಹೆಚ್ಚು ಚಿಂತೆಯಿಲ್ಲ, ಸಾಮಾನ್ಯವಾಗಿ ಲೆಕ್ಕ ಆಗಾಗ ಸೇವ್ ಆಗುತ್ತಿರುತ್ತದೆ.

ಹಾಟ್‌ಸ್ಪಾಟ್ ಬಳಸುವವರಿಗೆ ಒಂದು ಎಚ್ಚರಿಕೆ. ಕಂಪ್ಯೂಟರ್‌ಗೆ ಅದು ಬರೀ ವೈಫೈ ಆಗಿ ಕಾಣುತ್ತದೆ. ವಿಂಡೋಸ್‌ನಲ್ಲಿ ಆ ವೈಫೈಯನ್ನು ‘ಮೀಟರ್ಡ್ ಕನೆಕ್ಷನ್’ ಎಂದು ಗುರುತಿಸಿಡಿ. ಇಲ್ಲವಾದರೆ ವಿಂಡೋಸ್ ಅಪ್‌ಡೇಟೇ ನಿಮ್ಮ ದಿನದ ಡೇಟಾ ನುಂಗಿಬಿಡಬಹುದು, ಬೈಗುಳ ಮಾತ್ರ ಬೋಯಿಂಕ್‌ಗೆ.

ನೆಟ್‌ಗಿಂತ ದೊಡ್ಡ ಖರ್ಚು ಕರೆಂಟ್

ಇದನ್ನು ಫಾರ್ವರ್ಡ್‌ಗಳು ಹೇಳುವುದಿಲ್ಲ. 40 ವಾಟ್ ಎಳೆಯುವ ಲ್ಯಾಪ್‌ಟಾಪ್ ದಿನಕ್ಕೆ 8 ಗಂಟೆ ದುಡಿದರೆ ತಿಂಗಳಿಗೆ ಸುಮಾರು 10 ಯೂನಿಟ್. 120 ವಾಟಿನ ಡೆಸ್ಕ್‌ಟಾಪ್ ಆದರೆ ಸುಮಾರು 29 ಯೂನಿಟ್.

ಗೃಹಜ್ಯೋತಿ ಪಡೆಯುವ ಮನೆಗೆ ಈ ಲೆಕ್ಕ ಮುಖ್ಯ. ನಿಮ್ಮ ಹಳೆಯ ಸರಾಸರಿ ಬಳಕೆಗಿಂತ ತುಸು ಹೆಚ್ಚಿನ ಮಿತಿಯವರೆಗೆ ಮಾತ್ರ ಉಚಿತ, ಅದನ್ನು ಮೀರಿದ ಯೂನಿಟ್‌ಗೆ ಹಣ ಕಟ್ಟಬೇಕು. 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ ನಿಮ್ಮದೇ. ಈಗಾಗಲೇ 180 ಯೂನಿಟ್ ಬಳಸುವ ಮನೆಯಲ್ಲಿ ಡೆಸ್ಕ್‌ಟಾಪ್ ಹೀಗೆ ದುಡಿದರೆ 209 ಆಗುತ್ತದೆ. ಬೆಸ್ಕಾಂ ಬಿಲ್ ನೋಡಿಕೊಂಡೇ ಗಂಟೆ ನಿಗದಿ ಮಾಡಿ. ಬೇಸಿಗೆಯಲ್ಲಿ ಅರ್ಧದಷ್ಟು ಪ್ರೊಸೆಸರ್ ಮಾತ್ರ ಬಳಸುವಂತೆ ಮಿತಿ ಹಾಕಿದರೆ ಬಿಸಿಯೂ ಕಡಿಮೆ, ಕರೆಂಟೂ ಕಡಿಮೆ.

ಹಾಗಾದರೆ ಮೋಸ ಎಲ್ಲಿದೆ?

ಈ ಯೋಜನೆಗಳು ಕೇಳುವುದು ಸಾಮಾನ್ಯವಾಗಿ ಇಮೇಲ್, ಪಾಸ್‌ವರ್ಡ್ ಮತ್ತು ನೀವಿಡುವ ಒಂದು ಹೆಸರು, ಅಷ್ಟೇ. ಕೊಡುವುದು ‘ಕ್ರೆಡಿಟ್’ ಎಂಬ ಅಂಕ, ಅದರಿಂದ ಅಂಗಡಿಯಲ್ಲಿ ಏನೂ ಸಿಗದು. ‘ಕಂಪ್ಯೂಟರ್ ಆನ್ ಇಟ್ಟರೆ ದಿನಕ್ಕೆ ಇಷ್ಟು ರೂಪಾಯಿ’ ಎನ್ನುವ, ಆಧಾರ್, ಒಟಿಪಿ ಅಥವಾ ನೋಂದಣಿ ಶುಲ್ಕ ಕೇಳುವ ಲಿಂಕ್ ಬಂದರೆ ಅದು ಈ ಕೆಲಸವಲ್ಲ. ತಂತ್ರಾಂಶವನ್ನು ಫಾರ್ವರ್ಡ್ ಆದ ಎಪಿಕೆ ಕಡತದಿಂದ ಹಾಕಿಕೊಳ್ಳಬೇಡಿ, ಬೋಯಿಂಕ್‌ನ ಅಧಿಕೃತ ತಾಣದಿಂದಲೇ ಪಡೆಯಿರಿ. ಕಾಲೇಜು ಲ್ಯಾಬ್ ಅಥವಾ ಕಚೇರಿಯ ಕಂಪ್ಯೂಟರ್ ಆದರೆ ಮೊದಲು ಅನುಮತಿ ಕೇಳಿ.

ಒಟ್ಟಿನಲ್ಲಿ

ನೆಟ್ ಸ್ಲೋ ಎಂಬುದು ಹಿಂದೆ ಸರಿಯಲು ಕಾರಣವಲ್ಲ, ಯೋಜನೆ ಆರಿಸಲು ಒಂದು ಅಳತೆ. ಹಗುರ ಕಡತದ ಯೋಜನೆಯೊಂದನ್ನು ಒಂದು ವಾರ ಓಡಿಸಿ. ಡೇಟಾ ಎಷ್ಟು ಹೋಯಿತು, ಮೀಟರ್ ಎಷ್ಟು ಓಡಿತು, ಗಡುವಿನೊಳಗೆ ಎಷ್ಟು ಉತ್ತರ ತಲುಪಿತು, ಈ ಮೂರನ್ನೂ ಬರೆದಿಟ್ಟುಕೊಳ್ಳಿ. ಮನೆಯ ಖರ್ಚಿಗೆ ಹೊಂದಿದರೆ ಮುಂದುವರಿಸಿ, ಹೊಂದದಿದ್ದರೆ ನಿಲ್ಲಿಸಿ. ಗುಂಪಿಗೆ ಫಾರ್ವರ್ಡ್ ಮಾಡುವುದಾದರೆ ಬರೀ ‘ಕಂಪ್ಯೂಟರ್ ಕೊಡಿ’ ಎಂಬ ಸಾಲನ್ನಲ್ಲ, ಈ ಮೂರು ಲೆಕ್ಕವನ್ನೂ ಜೊತೆಗೆ ಕಳಿಸಿ.